ತೂಕದ ಮಿಷನ್ ಮೇಲೆ ಒಬ್ಬರೇ

ತೂಕದ ಮಿಷನ್ನಿನ ಮೇಲೆ ಒಂದು ಸಲಕ್ಕೆ ಒಬ್ಬರೇ ನಿಲ್ಲಲು ಸಾಧ್ಯ. ಇದೇನು ಮಹಾ ವಿಷಯ ಎಂದು ನೀವು ನಗಬಹುದು. ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದ ನನಗೆ ಈ ಒಂದು ಸಂಗತಿ ಮಾಡಿದಷ್ಟು ಉಪಕಾರವನ್ನು ಯಾವ ತರಬೇತಿಯೂ ಮಾಡಲಿಲ್ಲ. ಆದರೆ ಅದು ನನ್ನ ತಲೆಗೆ ಹೋಗುವ ಮೊದಲು ಒಂದು ಮಗು ಹೋಯಿತು. ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರಿಗೆ, ಹುಡುಗರಿಗೆ (ಈಗ ಗಂಡು ನರ್ಸುಗಳೂ ಬರುತ್ತಿದ್ದಾರೆ, ಸಂತೋಷ) ಆ ದಾರಿ ಸ್ವಲ್ಪ ಹತ್ತಿರವಾಗಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಸರೋಜ. ಊರು ಚನ್ನಗಿರಿ. ಕೆಲಸ ಶುರುವಾದದ್ದು ಜಗಳೂರು ಸೀಮೆಯಲ್ಲಿ, ಆಮೇಲೆ ನ್ಯಾಮತಿ ಕಡೆ, ಹೊನ್ನಾಳಿ ಕಡೆ ಸುತ್ತಿ, ಕೊನೆಗೆ ಚನ್ನಗಿರಿ ತಾಲ್ಲೂಕಿಗೇ ಬಂದು ನಿವೃತ್ತಳಾದೆ. ಯಾವ ವರ್ಷ ಯಾವ ಬಡ್ತಿ ಬಂತೆನ್ನುವುದು ಸರ್ವಿಸ್ ಪುಸ್ತಕದಲ್ಲಿದೆ, ಅದನ್ನು ನಾನೇ ಎರಡನೇ ಸಲ ಓದಿಲ್ಲ. ಆಸ್ಪತ್ರೆಗಳಿದ್ದ ಹಳ್ಳಿಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ನಡೆದ ತಪ್ಪುಗಳು ಹೆಚ್ಚಾಗಿ ನನ್ನವು, ಊರಿನವಲ್ಲ.

ಜಗಳೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಆಸ್ಪತ್ರೆಯ ಗಡಿಯಾರ ಎಂದರೆ ಬಸ್ಸು. ಬೆಳಿಗ್ಗೆ ಹತ್ತಕ್ಕೆ ಬಂದ ಬಸ್ಸಿನಿಂದ ಸುತ್ತಲಿನ ಐದಾರು ಹಳ್ಳಿಯವರು ಇಳಿಯುವರು, ಹನ್ನೆರಡೂವರೆಗೆ ಅದೇ ಬಸ್ಸು ವಾಪಸ್ಸು ಹೊರಡುವುದು. ಅದು ತಪ್ಪಿದರೆ ಸಂಜೆಯವರೆಗೆ ಬೇವಿನ ಮರದ ಕೆಳಗೇ ಗತಿ. ಹಾಗಾಗಿ ಎರಡೂವರೆ ಗಂಟೆಯೊಳಗೆ ಅಷ್ಟೂ ಜನರನ್ನು ಮುಗಿಸಬೇಕಿತ್ತು. ನಾನು ಮುಗಿಸುತ್ತಿದ್ದೆ. ಕೈ ಚುರುಕಿನ ಸಿಸ್ಟರ್ ಎಂದು ಹೆಸರು ಬಂದಿತ್ತು, ನನಗೂ ಸ್ವಲ್ಪ ಕೊಂಬು ಬಂದಿತ್ತು.

ನನ್ನ ಚುರುಕಿಗೆ ಆ ಊರಿನ ಒಂದು ಪದ್ಧತಿ ಬಹಳ ಅನುಕೂಲವಾಗಿತ್ತು. ಅಲ್ಲಿ ಕಾಯಿಲೆಯವರು ಮಾತಾಡುವುದಿಲ್ಲ, ಜೊತೆಗೆ ಬಂದವರು ಮಾತಾಡುತ್ತಾರೆ. ಗಂಡನಿಗೆ ಜ್ವರ ಬಂದರೆ ಅಣ್ಣ ಹೇಳುತ್ತಾನೆ, ಸೊಸೆಗೆ ತಲೆ ಸುತ್ತಿದರೆ ಅತ್ತೆ ಹೇಳುತ್ತಾಳೆ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಹಿರಿಯರು ಮುಂದೆ ನಿಂತಿರುವಾಗ ಬಾಯಿ ತೆರೆಯುವುದು ಸರಿಯಲ್ಲ ಎನ್ನುವುದು ಅಲ್ಲಿನ ಮರ್ಯಾದೆ. ಕಾಯಿಲೆಯವರು ನರಳುತ್ತಾ, ತಡವರಿಸುತ್ತಾ ಹೇಳುವುದಕ್ಕಿಂತ ಜೊತೆಗಿದ್ದವರು ಪಟಪಟನೆ ಹೇಳುವುದು ನನಗೂ ಹಿತವಾಗಿತ್ತು.

ರೇಣುಕಾ ಬಂದದ್ದು ಹಾಗೆಯೇ, ಅತ್ತೆ ಹನುಮಕ್ಕನ ಹಿಂದೆ. ಹನುಮಕ್ಕ ನಗುಮುಖದ ಹೆಂಗಸು, ಬಂದಾಗಲೆಲ್ಲ ನನಗೊಂದು ಬೊಗಸೆ ಹಸಿ ಶೇಂಗಾ ತರುತ್ತಿದ್ದಳು. ಸೊಸೆಗೆ ನಾಲ್ಕು ತಿಂಗಳು ತುಂಬಿತ್ತು. ತಾಯಿ ಕಾರ್ಡು ಬರೆಯಲು ಕೂತೆ.

"ವಯಸ್ಸೆಷ್ಟು?"

"ಹತ್ತೊಂಬತ್ತು ತುಂಬೈತ್ರೀ," ಎಂದಳು ಹನುಮಕ್ಕ.

"ಗಂಡನ ಹೆಸರು?"

ರೇಣುಕಾ ತಲೆ ಬಗ್ಗಿಸಿದಳು. ಗಂಡನ ಹೆಸರನ್ನು ಹೆಂಡತಿ ಹೇಳುವಂತಿಲ್ಲವಲ್ಲ. ಅದನ್ನೂ ಹನುಮಕ್ಕನೇ ಹೇಳಿದಳು. ಅಲ್ಲಿಂದ ಮುಂದೆ ನಾನು ರೇಣುಕಾಳ ಕಡೆ ತಿರುಗಿದ್ದು ಬಿ.ಪಿ. ನೋಡಲು ರಟ್ಟೆಗೆ ಪಟ್ಟಿ ಸುತ್ತುವಾಗ ಮಾತ್ರ. ಪ್ರತಿ ತಿಂಗಳೂ ಅದೇ ಪಾಠ. ರಕ್ತ ಹೆಚ್ಚಲೆಂದು ಕೊಟ್ಟ ಕೆಂಪು ಗುಳಿಗೆ ನುಂಗುತ್ತಾಳಾ ಎಂದರೆ ನುಂಗ್ತಾಳ್ರೀ. ಊಟ ಮಾಡುತ್ತಾಳಾ ಎಂದರೆ ಮಾಡ್ತಾಳ್ರೀ. ನಾನು ಹಾಗೇ ಕಾರ್ಡಿನಲ್ಲಿ ತುಂಬುತ್ತಿದ್ದೆ. ಆ ಕಾರ್ಡು ನೋಡಿದವರು ಜಿಲ್ಲೆಯಲ್ಲೇ ಮಾದರಿ ಗರ್ಭಿಣಿ ಎಂದುಕೊಳ್ಳಬೇಕು.

ಎಂಟನೇ ತಿಂಗಳಲ್ಲಿ ಬಿ.ಪಿ. ಏರಿತ್ತು. ಬಿಸಿಲಲ್ಲಿ ಬಂದಿದ್ದಾಳೆ, ಅದಕ್ಕಿರಬೇಕು ಎಂದುಕೊಂಡೆ. ಬಸ್ಸಿಗೆ ಇನ್ನು ಹತ್ತು ನಿಮಿಷವಿತ್ತು. "ತಲೆನೋವು, ಕಣ್ಣು ಮಂಜು ಏನಾದರೂ ಇದೆಯಾ?" ಎಂದು ಕೇಳಿದೆ. ಕೇಳಿದ್ದು ಹನುಮಕ್ಕನನ್ನು.

"ಏನಿಲ್ರೀ, ಗಟ್ಟಿ ಐದಾಳೆ."

ಹದಿನೈದು ದಿನ ಬಿಟ್ಟು ಕರೆದುಕೊಂಡು ಬಾ ಎಂದೆ. ಬಿ.ಪಿ. ಏರಿದ ಗರ್ಭಿಣಿಯನ್ನು ಕೂರಿಸಿಕೊಂಡು ಮತ್ತೊಮ್ಮೆ ನೋಡದೆ ಮನೆಗೆ ಕಳಿಸಿದ್ದು ನನ್ನ ತಪ್ಪು. ಅದನ್ನು ನಾನು ಯಾರ ಮೇಲೂ ಹಾಕುವುದಿಲ್ಲ.

ಹನ್ನೊಂದನೇ ದಿನ ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದರು. ಬಿ.ಪಿ. ತಲೆಗೇರಿ ಫಿಟ್ಸ್ ಬರುತ್ತಿತ್ತು. ಇದ್ದ ಇಂಜೆಕ್ಷನ್ ಕೊಟ್ಟು ದಾವಣಗೆರೆಗೆ ಕಳಿಸಿದೆವು. ರೇಣುಕಾ ಉಳಿದಳು, ಹೊಟ್ಟೆಯಲ್ಲಿದ್ದ ಗಂಡುಮಗು ಉಳಿಯಲಿಲ್ಲ.

ತಿಂಗಳ ನಂತರ ಅವಳ ಮನೆಗೆ ಹೋದೆ. ಹನುಮಕ್ಕ ನೆರೆಮನೆಗೆ ಹಾಲು ತರಲು ಹೋಗಿದ್ದಳು. ಆ ಹುಡುಗಿಯ ದನಿಯನ್ನು ನಾನು ಮೊದಲ ಸಲ ಸರಿಯಾಗಿ ಕೇಳಿದ್ದು ಅವತ್ತು. ವಯಸ್ಸು ಹದಿನಾರು ಎಂದಳು. ಎಂಟನೇ ತಿಂಗಳಲ್ಲಿ ಆಸ್ಪತ್ರೆಗೆ ಬಂದ ದಿನವೇ ತಲೆ ಒಡೆದುಹೋಗುವಂತೆ ನೋಯುತ್ತಿತ್ತಂತೆ, ಕಣ್ಣ ಮುಂದೆಲ್ಲ ಮಂಜು.

"ಮತ್ತೆ ಯಾಕಮ್ಮ ಹೇಳಲಿಲ್ಲ?" ಎಂದೆ.

"ನೀವು ನನ್ನ ಕೇಳ್ಲೇ ಇಲ್ವಲ್ರೀ ಅಕ್ಕಾರೆ. ಅತ್ತೆನ್ನ ಕೇಳ್ತಿದ್ರಿ."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಷ್ಟರಲ್ಲಿ ಹನುಮಕ್ಕ ಬಂದಳು. ಗೂಡಿನಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟು ಅಳಲು ಶುರು ಮಾಡಿದಳು. ನಾನು ಕೊಟ್ಟ ಕೆಂಪು ಗುಳಿಗೆ ಅಷ್ಟೂ ಅದರಲ್ಲಿತ್ತು. "ಇದು ನುಂಗಿದ್ರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗ್ತೈತೆ ಅಂದಿದ್ರು ಕಣ್ರೀ. ಇವ್ಳು ಸಣ್ಣೋಳು, ತಡಿಯಾಕಿಲ್ಲ ಅಂತ ಕೊಡ್ಲಿಲ್ಲ. ಒಳ್ಳೇದ್ಕೇ ಮಾಡ್ದೆ." ಅವಳು ಒಳ್ಳೆಯದಕ್ಕೇ ಮಾಡಿದ್ದಳು, ನನಗೆ ಅದರಲ್ಲಿ ಅನುಮಾನವಿಲ್ಲ. ಸಣ್ಣ ಹುಡುಗಿಯನ್ನು ಸೊಸೆ ಮಾಡಿಕೊಂಡವಳೂ ಅವಳೇ, ಸಣ್ಣವಳು ಎಂದು ಮರುಗಿದವಳೂ ಅವಳೇ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮೇಲಿನವರು ಇಂಥದ್ದೆಲ್ಲ ಆಗುತ್ತಿರುತ್ತದೆ ಎಂದು ಫೈಲು ಮುಚ್ಚಿದರು. ಹದಿನಾರರ ಹುಡುಗಿ ಬಸುರಿಯಾದರೆ ದೂರು ಕೊಡಬೇಕು ಎನ್ನುವ ರೂಢಿಯೂ ಆಗ ಇರಲಿಲ್ಲ. ಈಗ ಕೊಡದಿದ್ದರೆ ನಿಮ್ಮ ಮೇಲೇ ಕೇಸಾಗುತ್ತದೆ, ನೆನಪಿರಲಿ. ಅವತ್ತು ಬೈಸಿಕೊಂಡಿದ್ದರೆ ಮನಸ್ಸು ಹಗುರವಾಗುತ್ತಿತ್ತೋ ಏನೋ. ಬಯ್ಯುವವರಿಲ್ಲದೆ ರೇಣುಕಾಳ ಆ ಮಾತು ನನ್ನೊಳಗೇ ಉಳಿಯಿತು.

ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಅದರ ಹತ್ತಿರದ ಒಂದು ಆಸ್ಪತ್ರೆಗೆ ವರ್ಗವಾಗಿ ಹೋದೆ. ಹೋದ ವಾರವೇ ಒಂದು ಬೋರ್ಡು ಬರೆಸಿದೆ: "ಜೊತೆಗೆ ಬಂದವರು ಹೊರಗೆ ನಿಲ್ಲತಕ್ಕದ್ದು." ಕೆಂಪು ಬಣ್ಣದಲ್ಲಿ, ನಾಲ್ಕು ಮಾರು ದೂರಕ್ಕೆ ಕಾಣುವಂತೆ. ಅಲ್ಲಿನ ವೈದ್ಯರು ನಾಗಭೂಷಣ ಅಂತ. ಮಾತು ಕಡಿಮೆ, ಮೂಗಿನ ತುದಿಯಲ್ಲಿ ಕೋಪ, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಬೋರ್ಡನ್ನೂ ಹಾಗೆಯೇ ನೋಡಿ ಒಳಗೆ ಹೋದರು.

ಮೂರನೇ ದಿನ ಜಗಳ ಬಿತ್ತು. ಹೆಂಡತಿಯನ್ನು ಕರೆದುಕೊಂಡು ಬಂದ ಒಬ್ಬ ಗಂಡಸು ಬಾಗಿಲಿಗೆ ಅಡ್ಡ ನಿಂತ. "ನಮ್ಮ ಹೆಂಗಸ್ರನ್ನ ಒಬ್ರನ್ನೇ ಒಳಗೆ ಕರ್ಕಂಡು ಏನು ಕೇಳ್ತೀರ್ರೀ ನೀವು? ನಾನು ಕೇಳ್ಬಾರ್ದಂಥದ್ದು ಏನೈತೆ?" ನಾನೂ ಸುಮ್ಮನಿರುವವಳಲ್ಲ, ಏರು ದನಿಯಲ್ಲಿ ಉತ್ತರ ಕೊಟ್ಟೆ. ಜನ ಸೇರಿದರು. ಆತ ಹೆಂಡತಿಯನ್ನು ಎಳೆದುಕೊಂಡು ಹೊರಟೇಹೋದ. ಆಕೆಯ ಒಂದು ಕಣ್ಣು ಊದಿಕೊಂಡಿತ್ತು. ಮತ್ತೆ ಬರಲಿಲ್ಲ.

ಅವತ್ತು ಮಧ್ಯಾಹ್ನ ಡಾಕ್ಟರು ನನ್ನನ್ನು ಕರೆದು, "ಆ ಬೋರ್ಡು ತೆಗಿ," ಎಂದರು.

"ಸರ್, ಅದು ರೋಗಿಗಳ ಒಳ್ಳೆಯದಕ್ಕೇ..."

"ಗೊತ್ತು. ಬೋರ್ಡು ಹಾಕಿದ್ರೆ ಗಂಡಸರು ಬಾಗಿಲಿಗೆ ಕಾವಲು ನಿಲ್ತಾರೆ. ಇವತ್ತು ಯಾರಿಗೆ ಬೇಕಾಗಿತ್ತೋ ಆಕೆನೇ ಹೊರಟುಹೋದಳು. ತೂಕದ ಮಿಷನ್ ಎಲ್ಲಿದೆ?"

"ನಿಮ್ಮ ಮೇಜಿನ ಪಕ್ಕ, ಸರ್."

"ಅದನ್ನ ಆ ಮೂಲೆಗೆ ತಳ್ಳಿ ಒಂದು ಪರದೆ ಕಟ್ಟು. ಅದರ ಮೇಲೆ ಒಬ್ಬರೇ ತಾನೆ ನಿಲ್ಲೋಕಾಗೋದು?"

ಅಷ್ಟು ಹೇಳಿ ಅವರು ಪೇಪರ್ ಓದಲು ಶುರು ಮಾಡಿದರು. ನಾನು ಹಸಿರು ಬೆಡ್‌ಶೀಟ್ ಒಂದನ್ನು ಹಗ್ಗಕ್ಕೆ ಕಟ್ಟಿದೆ. ಬೋರ್ಡು ಇಲ್ಲ, ಜಗಳ ಇಲ್ಲ. ತೂಕ ನೋಡಬೇಕು ಬನ್ನಿ ಎಂದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಒಬ್ಬ ಅತ್ತೆ ಮಾತ್ರ ಸೊಸೆಯ ಹಿಂದೆಯೇ ಬಂದು ಮಿಷನ್ ಹತ್ತಿ ಪಕ್ಕದಲ್ಲೇ ನಿಂತಳು. ಇಬ್ಬರೂ ಸೇರಿ ನೂರಾ ಎಂಟು ಕೆ.ಜಿ. ಬಂತು. "ಇದರಲ್ಲಿ ನಿಮ್ಮದೆಷ್ಟು, ಸೊಸೆಯದೆಷ್ಟು ಅಂತ ಹೇಗೆ ಬರೆಯಲಿ ಅಜ್ಜಿ?" ಎಂದೆ. ಹೊರಗಿದ್ದವರೆಲ್ಲ ನಕ್ಕರು, ಅಜ್ಜಿಯೂ ನಗುತ್ತಾ ಇಳಿದುಹೋದಳು.

ಪರದೆಯ ಹಿಂದೆ ನನ್ನದು ಮೂರೇ ಪ್ರಶ್ನೆ. ನಿಮ್ಮ ಹೆಸರು, ಹುಟ್ಟಿದ ಊರು ಹೇಳಿ. ಯಾವ ಗುಳಿಗೆ ಯಾವಾಗ ನುಂಗುತ್ತೀರಿ ಹೇಳಿ. ನನ್ನ ಹತ್ತಿರ ಮಾತ್ರ ಹೇಳುವಂಥದ್ದು ಏನಾದರೂ ಇದೆಯಾ? ಗಂಡನ ಹೆಸರು ಕೇಳುವುದನ್ನು ಬಿಟ್ಟೆ. ತವರೂರಿನ ಹೆಸರನ್ನು ಎಲ್ಲ ಹೆಂಗಸರೂ ಬಾಯಿ ತುಂಬ ಹೇಳುತ್ತಾರೆ, ಗುರುತಿಗೆ ಅಷ್ಟು ಸಾಕು. ಮೊದಲ ತಿಂಗಳಲ್ಲೇ ಒಬ್ಬಾಕೆ ತನ್ನ ಗುಳಿಗೆಯ ಜೊತೆಗೆ ಗಂಡನ ಸಕ್ಕರೆ ಕಾಯಿಲೆಯ ಗುಳಿಗೆಯನ್ನೂ ನುಂಗುತ್ತಿರುವುದು ತಿಳಿಯಿತು. ಇಬ್ಬರಿಗೂ ಬೇಗ ಗುಣವಾಗಲಿ ಎಂಬ ಲೆಕ್ಕಾಚಾರವಂತೆ. ಇನ್ನೊಬ್ಬ ಅಜ್ಜ ಅತ್ತಿತ್ತ ನೋಡಿ, "ಒಂದು ಕಿವಿ ಪೂರ್ತಿ ಕೇಳಾಕಿಲ್ಲ ಕಣಮ್ಮ, ಮನ್ಯಾಗೆ ಗೊತ್ತಾದ್ರೆ ಯಾರೂ ನನ್ನ ಮಾತೇ ಕೇಳಾಕಿಲ್ಲ," ಎಂದ. ಬೆನ್ನಿನ ಬಾಸುಂಡೆ ತೋರಿಸಿದವರೂ ಇದ್ದರು. ಅವರನ್ನು ಹೇಗೆ, ಯಾರ ಹತ್ತಿರ ಕಳಿಸಬೇಕು ಎನ್ನುವುದನ್ನು ನಾಗಭೂಷಣ ಡಾಕ್ಟರೇ ಕಲಿಸಿದರು. ಬಯ್ಯುತ್ತಲೇ ಕಲಿಸಿದರು. ಅವರಷ್ಟು ಒಳ್ಳೆಯ ಮೇಲಧಿಕಾರಿ ನನಗೆ ಮತ್ತೆ ಸಿಗಲಿಲ್ಲ.

ಅಲ್ಲಿಂದ ಹೊನ್ನಾಳಿ ಹತ್ತಿರದ ಇನ್ನೊಂದು ಆಸ್ಪತ್ರೆಗೆ ವರ್ಗವಾಯಿತು, ಅಲ್ಲೂ ಪರದೆ ಕಟ್ಟಿದೆ. ಅಲ್ಲಿ ಸಿಕ್ಕಿದ್ದು ಒಬ್ಬ ಒಳ್ಳೆಯ ಜೊತೆಗಾರ. ಔಷಧಿ ಕೊಡುವ ರಹಮತ್ ಸಾಹೇಬರು. ಅವರ ತಂದೆ ದರ್ಜಿ, ಅಳತೆ ತಪ್ಪಬಾರದು ಎನ್ನುವುದು ಮನೆತನದಿಂದ ಬಂದದ್ದು. ಒಂದು ದಿನ ನಾನು ಸಿರಿಂಜು ತುಂಬಿಸಿ "ಬಸಮ್ಮ" ಎಂದು ಕೂಗಿದೆ. ಒಬ್ಬ ಹೆಂಗಸು ಎದ್ದು ಬಂದಳು. ನೀವು ಬಸಮ್ಮನಾ ಎಂದೆ, ಹೂಂ ಎಂದಳು. ಸೂಜಿ ಚುಚ್ಚಬೇಕು, ಕಿಟಕಿಯಿಂದ ಸಾಹೇಬರು, "ಸಿಸ್ಟರ್, ಬಸಮ್ಮ ನೀರು ಕುಡಿಯಾಕೆ ಹೋಗ್ಯಾರೆ. ಇವರು ಗಂಗಮ್ಮ," ಎಂದರು.

ಗಂಗಮ್ಮನನ್ನು ಕೇಳಿದೆ, ಹೂಂ ಅಂದಿದ್ದು ಯಾಕೆ?

"ನೀವು ಕರದ್ರಿ, ನಾನು ಬಂದೆ. ನೀವು ಕೇಳ್ದಾಗ ಇಲ್ಲ ಅನ್ನಾಕೆ ಆಗ್ತೈತೇನ್ರೀ ಆಸ್ಪತ್ರ್ಯಾಗೆ?"

ಪರದೆಯ ಹಿಂದೆ ಪಾಲಿಸುತ್ತಿದ್ದ ನಿಯಮವನ್ನು ಇಂಜೆಕ್ಷನ್ ಕೋಣೆಗೆ ತಂದಿರಲಿಲ್ಲ ನಾನು. ನೀವು ಇಂಥವರಾ ಎಂದು ಕೇಳಬೇಡಿ, ನಿಮ್ಮ ಹೆಸರೇನು ಎಂದು ಕೇಳಿ. ಮೊದಲನೆಯದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. ಈಗ ಇದನ್ನು ತರಬೇತಿಯಲ್ಲಿ ಬಣ್ಣದ ಚಿತ್ರ ಹಾಕಿ ಕಲಿಸುತ್ತಾರೆ. ನಮಗೆ ಕಲಿಸಿದ್ದು ಗಂಗಮ್ಮ.

ಅವತ್ತೇ ಸಾಹೇಬರು ಒಂದು ನೋಟ್‌ಬುಕ್ ಶುರು ಮಾಡಿದರು. ಆಗಬಹುದಾಗಿತ್ತು, ಆಗಲಿಲ್ಲ ಎನ್ನುವಂಥ ತಪ್ಪುಗಳೆಲ್ಲ ಅದರಲ್ಲಿ. ಯಾರ ಹೆಸರೂ ಬರೆಯುವಂತಿಲ್ಲ, ಏನಾಗುತ್ತಿತ್ತು, ಹೇಗೆ ತಪ್ಪಿತು ಅಷ್ಟೇ. ಮೊದಲನೆಯದಾಗಿ ನನ್ನ ಬಸಮ್ಮನ ಪ್ರಸಂಗ ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮದೇ ಹಳೆಯ ತಪ್ಪೊಂದನ್ನು ಬರೆದರು. ಆಮೇಲೆ ನಾನು ಬರೆಯಲು ನಾಚಲಿಲ್ಲ.

ಅವರ ಇನ್ನೊಂದು ಹೊಸ ಪದ್ಧತಿ ಎಂದರೆ ಗುಳಿಗೆ ಕವರಿನ ಮೇಲೆ ಚಿತ್ರ ಬಿಡಿಸುವುದು. ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಓದು ಬಾರದವರಿಗೆ ಅದು ಬಹಳ ಅನುಕೂಲವಾಯಿತು. ಒಬ್ಬ ಅಜ್ಜಿಗೆ ಮಾತ್ರ ತಿಂಗಳಿಗೊಮ್ಮೆ ಬಿ.ಪಿ. ಏರಿರುತ್ತಿತ್ತು. ಎಷ್ಟು ಕೇಳಿದರೂ ಗುಳಿಗೆ ಸರಿಯಾಗಿ ನುಂಗುತ್ತೇನೆ ಎನ್ನುವಳು. ಕೊನೆಗೆ ಪರದೆಯ ಹಿಂದೆ ಬಾಯಿಬಿಟ್ಟಳು. "ಅಮಾಸಿ ದಿವ್ಸ ಚಂದ್ರ ಇರಾಕಿಲ್ಲಲ್ರೀ. ಅದ್ಕೆ ಅವತ್ತು, ಅದ್ರ ಹಿಂದ್ಲ ದಿನ, ಮುಂದ್ಲ ದಿನ ನುಂಗಾಕಿಲ್ಲ." ಸಾಹೇಬರು ರಾತ್ರಿಯ ಗುಳಿಗೆಯ ಕವರಿನಿಂದ ಚಂದ್ರನನ್ನು ಅಳಿಸಿ ಮಲಗಿದ ಮನುಷ್ಯನ ಚಿತ್ರ ಬಿಡಿಸಿದರು. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದರು. ತಿಂಗಳಿಗೊಂದು ಸಲ ಅದನ್ನು ಓದಿ ಇಬ್ಬರೂ ನಗುತ್ತಿದ್ದೆವು.

ಇಷ್ಟು ಹೊತ್ತಿಗೆ ನಾನು ಎಲ್ಲ ಕಲಿತುಬಿಟ್ಟೆ ಎಂದುಕೊಂಡಿದ್ದೆ. ಆದರೂ ರೇಣುಕಾಳ ಮಾತು ಒಳಗೇ ಇತ್ತು. ಅವತ್ತು ಅವಳನ್ನೇ ಕೇಳಿದ್ದರೆ ಏನು ಹೇಳುತ್ತಿದ್ದಳು? ಅದನ್ನು ಅವಳ ಹತ್ತಿರವೇ ಕೇಳಬೇಕು ಎನಿಸುತ್ತಿತ್ತು, ಹೋಗಲು ಧೈರ್ಯ ಬರುತ್ತಿರಲಿಲ್ಲ. ಹದಿನೇಳು ವರ್ಷ ಹಾಗೆಯೇ ಹೋಯಿತು. ಒಮ್ಮೆ ಜಗಳೂರಿನಲ್ಲಿ ತರಬೇತಿ ಬೇಗ ಮುಗಿಯಿತು. ಗಟ್ಟಿ ಮನಸ್ಸು ಮಾಡಿ ಆ ಹಳ್ಳಿಯ ಬಸ್ಸು ಹತ್ತಿದೆ.

ರೇಣುಕಾ ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದಳು. ಮೈ ತುಂಬಿಕೊಂಡಿದ್ದಳು, ಎರಡು ಮಕ್ಕಳು ಶಾಲೆಗೆ ಹೋಗಿದ್ದವು. ಜಗುಲಿಯ ಮೇಲೆ ಹಣ್ಣು ಹಣ್ಣಾದ ಹನುಮಕ್ಕ ಕೂತಿದ್ದಳು. ಚೆನ್ನಾಗಿದ್ದೀಯೇನಮ್ಮ ಎಂದು ಕೇಳಿದೆ.

"ಚೆನ್ನಾಗೈದಾಳ್ರೀ, ಅವ್ಳಿಗೇನಾಗೈತೆ," ಎಂದಿತು ಜಗುಲಿ ಕಡೆಯಿಂದ ಹನುಮಕ್ಕನ ದನಿ.

ರೇಣುಕಾ ನಗುತ್ತಾ, "ಅತ್ತೀ, ಅಕ್ಕಾರು ನನ್ನ ಕೇಳ್ತಾ ಐದಾರೆ," ಎಂದಳು. ಹನುಮಕ್ಕನೂ ನಕ್ಕಳು.

ರೇಣುಕಾ ನೀರು ಸೇದಲು ಹೋದಾಗ ಅವಳ ಹಿಂದೆಯೇ ಹೋಗಿ ಕೇಳಿದೆ. "ಅವತ್ತು ನಾನು ನಿನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆಯಾ ರೇಣುಕಾ?" ಹೂಂ ಎನ್ನುತ್ತಾಳೆ, ನನ್ನ ಪರದೆ ಸರಿ ಎಂದು ಒಪ್ಪಿದಂತಾಗುತ್ತದೆ ಎಂಬ ಆಸೆ ನನಗೆ.

ಅವಳು ಕೊಡವನ್ನು ಬಾವಿಗೆ ಇಳಿಬಿಟ್ಟಳು. "ಸುಳ್ಯಾಕೆ ಹೇಳ್ಲಿ ಅಕ್ಕಾರೆ, ಹೇಳ್ತಿರ್ಲಿಲ್ಲ. ಏನಿಲ್ಲ ಅಂತಿದ್ದೆ. ಭಾಳ ಹೆದ್ರಿಕೆ ಇತ್ತು. ಸುಮ್ನೆ ಕೇಳ್ತಾರೋ, ಖರೇನೇ ಕೇಳ್ತಾರೋ ಹೆಂಗೆ ಗೊತ್ತಾಗ್ಬೇಕು?" ಕೊಡ ಮೇಲಕ್ಕೆತ್ತಿ, "ಎರಡ್ನೇ ಸಲ ಕೇಳಿದ್ರೆ ಹೇಳ್ತಿದ್ನೇನೋ," ಎಂದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಕೂತೆ. ಇಷ್ಟು ವರ್ಷ ಪರದೆಯ ಹಿಂದೆ "ಏನಿಲ್ಲ ರೀ" ಎಂದವರನ್ನೆಲ್ಲ ನಾನು ಹಾಗೇ ಇಳಿಸಿ ಕಳಿಸಿದ್ದೆ. ಅವರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಮರುದಿನದಿಂದ ಪರದೆಯ ಹಿಂದೆ ನನ್ನ ಪ್ರಶ್ನೆಗಳು ನಾಲ್ಕಾದವು. ನಾಲ್ಕನೆಯದು, ಮೂರನೆಯದನ್ನೇ ಇನ್ನೊಂದು ಸಲ ಕೇಳುವುದು.

ಚನ್ನಗಿರಿ ತಾಲ್ಲೂಕಿಗೆ ಬಂದಾಗ ನಿವೃತ್ತಿಗೆ ಕೆಲವೇ ವರ್ಷ ಉಳಿದಿತ್ತು. ಮುಳ್ಳಿನ ತೂಕದ ಮಿಷನ್ ಹೋಗಿ ಅಂಕಿ ತೋರಿಸುವ ಗಾಜಿನದು ಬಂದಿತ್ತು, ಬೆಡ್‌ಶೀಟ್ ಹೋಗಿ ಒಳ್ಳೆಯ ಪರದೆ ಬಂದಿತ್ತು. ವೈದ್ಯೆ ಅನುಷಾ ಆಗಷ್ಟೇ ಓದು ಮುಗಿಸಿ ಬಂದವಳು. ಬುದ್ಧಿವಂತೆ, ಕೈಗುಣ ಒಳ್ಳೆಯದು, ಪುಕ್ಕಲು ಸ್ವಭಾವ.

ಒಂದು ದಿನ ಬೆಳಿಗ್ಗೆ ಬಿಳಿ ಅಂಗಿಯ ಒಬ್ಬ ಹಿರಿಯರು, ಅವರ ಹೆಂಡತಿ, ಒಬ್ಬ ಹುಡುಗಿ ಬಂದರು. ಹುಡುಗಿ ಅವರ ತಮ್ಮನ ಮಗಳು, ಹೆಸರು ಪಲ್ಲವಿ. ದೊಡ್ಡಪ್ಪ ಮಾತು ಶುರು ಮಾಡಿದರು. "ಸ್ಕೂಲಿನ ದಾಖಲೆ ಎಲ್ಲೋ ಕಳ್ದೈತೆ ಮೇಡಮ್ಮೋರೆ. ಹುಡುಗಿಗೆ ಹದಿನೆಂಟು ತುಂಬೈತೆ ಅಂತ ಒಂದು ಸರ್ಟಿಫಿಕೇಟ್ ಬರಕೊಡಾಕೆ ಆಗ್ತೈತಾ?" ಯಾತಕ್ಕೆ ಎಂದು ಡಾಕ್ಟರ್ ಕೇಳಿದರೆ ಬ್ಯಾಂಕಿಗೆ ಎಂದರು.

"ಮೊದಲು ತೂಕ ನೋಡೋಣ," ಎಂದು ನಾನು ಹುಡುಗಿಯನ್ನು ಪರದೆಯ ಹಿಂದೆ ಕರೆದುಕೊಂಡು ಹೋದೆ. ಮೂವತ್ತೆಂಟು ಕೆ.ಜಿ. ಹೆಸರು ಹೇಳಿದಳು, ಊರು ಹೇಳಿದಳು.

"ನನ್ನ ಹತ್ರ ಹೇಳೋದು ಏನಾದರೂ ಇದೆಯಾ ಮರಿ?"

"ಏನಿಲ್ಲ ರೀ."

ಇಳಿದಳು. ಹೊರಗಿನಿಂದ ದೊಡ್ಡಮ್ಮ, "ಆತೇನ್ರೀ?" ಎಂದು ಕೂಗಿದರು. "ಎತ್ತರ ನೋಡಬೇಕು, ಆಯ್ತು," ಎಂದೆ. ಗೋಡೆಗೆ ಒರಗಿಸಿ ನಿಲ್ಲಿಸಿ, ಅವಳ ತಲೆಯ ಮೇಲೆ ಸ್ಕೇಲಿಟ್ಟು, ಮೆಲ್ಲಗೆ ಕೇಳಿದೆ. "ನಾನು ಸುಮ್ಮನೆ ಕೇಳ್ತಿಲ್ಲ ಪಲ್ಲವಿ. ಏನಾದರೂ ಇದೆಯಾ?"

ಅವಳು ಪರದೆಯ ಕಡೆ ಒಮ್ಮೆ ನೋಡಿದಳು. "ಬರೋ ಸೋಮ್ವಾರ ಬಿಟ್ಟು ಆಚೆ ಸೋಮ್ವಾರ ನನ್ ಮದುವೆ ರೀ. ನಂಗೆ ಹದ್ನೈದು. ಒಂಬತ್ನೇ ಕ್ಲಾಸು ಪರೀಕ್ಷೆ ಐತೆ." ಅಷ್ಟು ಹೇಳಿದವಳು ನನ್ನ ಕೈ ಹಿಡಿದುಕೊಂಡಳು. "ನಾನು ಹೇಳ್ದೆ ಅಂತ ಹೇಳ್ಬ್ಯಾಡ್ರಿ. ಕೊಂದೇ ಹಾಕ್ತಾರೆ."

ಈ ಕೊನೆಯ ಮಾತನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಬಾಯಿಬಿಟ್ಟ ಮಗು ಅದೇ ಮನೆಗೆ ವಾಪಸ್ಸು ಹೋಗುತ್ತದೆ, ನೀವು ನಿಮ್ಮ ಮನೆಗೆ ಹೋಗುತ್ತೀರಿ. ನಾನು ಹೊರಗೆ ಬಂದು ಏನೂ ಆಗದವಳಂತೆ ತೂಕ, ಎತ್ತರ ಬರೆದೆ. ಡಾಕ್ಟರ್ ಹತ್ತಿರ ಬಗ್ಗಿ ಎರಡು ಮಾತು ಹೇಳಿದೆ. ಅವಳು, ಇಲ್ಲಿ ವಯಸ್ಸಿನ ಸರ್ಟಿಫಿಕೇಟ್ ಕೊಡುವ ಅಧಿಕಾರ ತನಗಿಲ್ಲ, ಕೇಳಿ ಹೇಳುತ್ತೇನೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದಳು.

ಅವರು ಹೋದ ಮೇಲೆ ಅನುಷಾ ಎದ್ದು ಬಾಗಿಲು ಮುಚ್ಚಿದಳು. "ಸಿಸ್ಟರ್, ದೂರು ಕೊಟ್ಟರೆ ಆ ಹುಡುಗಿ ಹೇಳಿದ್ದು ಅಂತ ಗೊತ್ತಾಗಲ್ವಾ? ನನಗೂ ತೊಂದರೆ ಕೊಟ್ಟರೆ?"

"ಹುಡುಗಿ ಏನೂ ಹೇಳಿಲ್ಲ ಡಾಕ್ಟರ್," ಎಂದೆ. "ಸರ್ಟಿಫಿಕೇಟ್ ಕೇಳಿದ್ದು ಯಾರು? ದೊಡ್ಡಪ್ಪ. ನಿಮಗೆ ಅನುಮಾನ ಬಂದದ್ದು ಆ ಕಾಗದದಿಂದ. ಹಾಗೆಂದೇ ಬರೆಯಿರಿ. ಪರದೆ ಹಿಂದಿನ ಮಾತು ಅಧಿಕಾರಿಯ ಕಿವಿಗೆ ಮಾತ್ರ ಬಾಯಲ್ಲಿ ಹೇಳೋಣ."

ಅವಳು ಅದನ್ನು ನನ್ನಿಂದ ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ಬರೆದಳು. ನಾನೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ, ಮಕ್ಕಳ ಅಭಿವೃದ್ಧಿ ಅಧಿಕಾರಿಗೆ ತಿಳಿಸಿದೆ. ಮೂರು ದಿನದಲ್ಲಿ ಅಧಿಕಾರಿಗಳು ಶಾಲೆಯ ರಿಜಿಸ್ಟರ್ ಹಿಡಿದುಕೊಂಡೇ ಆ ಮನೆಗೆ ಹೋದರು. ಕಳೆದುಹೋದ ದಾಖಲೆ ಶಾಲೆಯ ಬೀರುವಿನಲ್ಲೇ ಇತ್ತು. ಹದಿನೆಂಟಾಗುವವರೆಗೆ ಮದುವೆ ಮಾಡುವುದಿಲ್ಲ ಎಂದು ಬರೆಸಿಕೊಂಡರು. ಅಂಗನವಾಡಿ ಟೀಚರಿಗೆ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಹುಡುಗಿಯನ್ನು ನೋಡಿಕೊಂಡು ಬರಲು ಹೇಳಿದರು.

ಮರುದಿನ ದೊಡ್ಡಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಆಸ್ಪತ್ರೆಗೆ ಬಂದರು. "ನಮ್ಮ ಮನೆ ಮರ್ಯಾದೆ ಬೀದಿಗೆ ತಂದ್ರಿ. ಯಾರು ಹೇಳಿದ್ರು ನಿಮ್ಗೆ? ಆ ಹುಡುಗಿ ಒಳಗೆ ಏನಂದ್ಲು?"

ನನಗೆ ಹೆದರಿಕೆಯಾಯಿತು ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಅವತ್ತು ತೋರಿಸಿಕೊಳ್ಳಲಿಲ್ಲ. "ಒಳಗೆ ಮೂವತ್ತೆಂಟು ಕೆ.ಜಿ. ಅಂತು ಮಿಷನ್ನು," ಎಂದೆ. "ವಯಸ್ಸಿನ ಕಾಗದ ಕೇಳಿಕೊಂಡು ಬಂದವರು ನೀವು. ನಾನು ಕರೆದಿದ್ನಾ? ಅಂಥ ಕಾಗದ ಕೇಳಿದ್ರೆ ಮೇಲೆ ತಿಳಿಸಬೇಕು ಅಂತ ರೂಲ್ಸ್ ಐತೆ. ತಿಳಿಸದೇ ಇದ್ರೆ ನಮ್ಮ ಕೆಲ್ಸ ಹೋಗ್ತೈತೆ. ನಿಮ್ಮ ಮನೆ ಹುಡುಗಿಗೋಸ್ಕರ ನಾನ್ಯಾಕೆ ಕೆಲ್ಸ ಕಳ್ಕಳ್ಲಿ?"

ಅವರಿಗೆ ಆ ಮಾತು ಅರ್ಥವಾಯಿತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡೆವು ಎಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾ ಹೋದರು. ಪಲ್ಲವಿ ಹೇಳಿದಳೆಂಬ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ, ನನಗೆ ಬೇಕಾಗಿದ್ದು ಅಷ್ಟೇ. ಅನುಷಾ ಡಾಕ್ಟರಿಗೆ ಯಾರೋ ದೊಡ್ಡವರಿಂದ ಒಂದು ಫೋನ್ ಬಂತು. ಅವಳು ಅದೇ ಮಾತನ್ನು ಅದೇ ದನಿಯಲ್ಲಿ ಅವರಿಗೆ ಹೇಳಿದ್ದನ್ನು ಪಕ್ಕದ ಕೋಣೆಯಿಂದ ಕೇಳಿ ನನಗೆ ಬಹಳ ಖುಷಿಯಾಯಿತು.

ವರ್ಷದ ನಂತರ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಪಲ್ಲವಿ ಬಂದಳು, ಹತ್ತನೇ ಕ್ಲಾಸು. ಮಿಷನ್ ಹತ್ತಿದಳು, ನಲವತ್ಮೂರು. ಗೆಳತಿಯರ ಮುಂದೆ ನನ್ನ ಗುರುತೇ ಇಲ್ಲದವಳಂತೆ ನಿಂತಿದ್ದಳು. ಇಳಿಯುವಾಗ ಮಾತ್ರ ನನ್ನ ಕಾಲು ತುಳಿದು ಸಾರಿ ರೀ ಎಂದಳು. ಬೇಕೆಂದೇ ತುಳಿದದ್ದು, ನನಗೆ ಗೊತ್ತಾಯಿತು. ಎಲ್ಲ ಹುಡುಗಿಯರೂ ಹೀಗೆ ಉಳಿದರು ಎಂದು ಹೇಳಲಾರೆ. ಎರಡನೇ ಸಲ ಕೇಳಿದರೂ ಏನಿಲ್ಲ ಎಂದವರಿದ್ದಾರೆ. ಆದರೆ ಕೇಳದೆ ಕಳಿಸಿದೆ ಎನ್ನುವ ನೋವು ಮತ್ತೆ ಬರಲಿಲ್ಲ.

ನಿವೃತ್ತಳಾಗಿ ಈಗ ಎರಡು ವರ್ಷ. ಹೋದ ತಿಂಗಳು ತಲೆ ಸುತ್ತುತ್ತಿದೆ ಎಂದು ಸೊಸೆ ರೂಪಾ ನನ್ನನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನನ್ನ ಜಾಗದಲ್ಲಿ ಈಗ ನಸೀಮಾ ಇದ್ದಾಳೆ, ನನ್ನ ಕೈಕೆಳಗೆ ಎರಡು ವರ್ಷ ಕೆಲಸ ಕಲಿತವಳು. ನನ್ನನ್ನು ಕಂಡು ಎದ್ದು ನಿಂತಳು.

"ಏನಾಗೈತೆ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ರೂಪಾ, "ತಲೆ ಸುತ್ತು ಅಂತಾರೆ ಸಿಸ್ಟರ್. ಬಿ.ಪಿ. ಗುಳಿಗೆ ಎಲ್ಲಾ ಟೈಮಿಗೆ ಸರಿಯಾಗಿ ತಗೋತಾರೆ. ಅವರೇ ನರ್ಸ್ ಆಗಿದ್ದವರಲ್ವಾ," ಎಂದಳು. ಒಳ್ಳೆಯ ಹುಡುಗಿ, ಪ್ರೀತಿಯಿಂದಲೇ ಹೇಳಿದಳು. ನಾನೂ ಹೂಂ ಎಂದೆ.

"ಬರ್ರಿ ಮೇಡಂ, ತೂಕ ನೋಡೋಣ," ಎಂದಳು ನಸೀಮಾ.

ಆ ಪರದೆಯ ಹಿಂದೆ ಎಷ್ಟು ಸಾವಿರ ಸಲ ನಿಂತಿದ್ದೇನೋ. ಮಿಷನ್ನಿನ ಮೇಲೆ ನಿಂತದ್ದು ಅದೇ ಮೊದಲು. ಅಲ್ಲಿ ನಿಂತರೆ ಕಾಲ ಕೆಳಗಿನ ಗಾಜು ತಣ್ಣಗಿರುತ್ತದೆ, ಒಬ್ಬಳೇ ಎನಿಸುತ್ತದೆ. ಅದು ನನಗೆ ಗೊತ್ತಿರಲಿಲ್ಲ. ನನ್ನ ಹೆಸರು, ಹುಟ್ಟಿದ ಊರು ಕೇಳಿದಳು. ಗೊತ್ತಿದ್ದರೂ ಕೇಳಿದಳು. ಯಾವ ಗುಳಿಗೆ, ಯಾವಾಗ ಎಂದು ಕೇಳಿದಳು, ಪಾಠ ಒಪ್ಪಿಸಿದೆ. "ನನ್ನ ಹತ್ರ ಹೇಳೋದು ಏನಾದ್ರೂ ಐತಾ ಮೇಡಂ?"

ಗುಳಿಗೆ ನುಂಗಿದರೆ ಸುಸ್ತಾಗುತ್ತದೆ ಎಂದು ಮೂರು ವಾರದಿಂದ ನಾನು ಅದನ್ನು ಬಿಟ್ಟಿದ್ದೆ. ಹೋದ ಗುರುವಾರ ಬಚ್ಚಲಲ್ಲಿ ಬಿದ್ದಿದ್ದೆ. ಸೀರೆ ಬದಲಾಯಿಸಿಕೊಂಡು ಬಂದು ಯಾರಿಗೂ ಹೇಳಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ಸಿಸ್ಟರ್ ಇಂಥ ಕೆಲಸ ಮಾಡಿದಳು ಎಂದರೆ ಹೇಗೆ?

"ಏನಿಲ್ಲಮ್ಮ," ಎಂದೆ.

ನಸೀಮಾ ತೂಕ ಬರೆದುಕೊಂಡಳು. ಪೆನ್ನಿಗೆ ಮುಚ್ಚಳ ಹಾಕಿದಳು. ನಾನು ಇಳಿಯಲು ಒಂದು ಕಾಲು ಕೆಳಗಿಟ್ಟಿದ್ದೆ, ಅವಳು ನನ್ನ ಮೊಣಕೈ ಹಿಡಿದುಕೊಂಡು ಮೆಲ್ಲಗೆ ಇನ್ನೊಂದು ಸಲ ಕೇಳಿದಳು.

ಆಗ ಹೇಳಿದೆ.